ಎರಡು ಸೇರು ರಾಗಿಗೆ ಬಂದವಳು: 19ನೇ ಶತಮಾನದ ಅಜ್ಜಿಯ ಮನೆತನವನ್ನು ಅವಳ ಕಾಲದ ಜೊತೆಗೇ ಹುಡುಕುವುದು ಹೇಗೆ

ನಮ್ಮಜ್ಜಿ ತನ್ನ ತಾಯಿಯ ತಾಯಿಯ ಬಗ್ಗೆ ಹೇಳುತ್ತಿದ್ದದ್ದು ಮೂರೇ ಮಾತು. "ಧಾತು ಬರದಲ್ಲಿ ಎರಡು ಸೇರು ರಾಗಿಗೆ ಬಂದವಳು. ಬಂದಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಪ್ಲೇಗಿನಲ್ಲಿ ಗಂಡ ಹೋದ." ಇಷ್ಟೇ. ಧಾತು ಅನ್ನುವುದು ಒಂದು ಸಂವತ್ಸರದ ಹೆಸರು. ಹುಟ್ಟಿದ ವರ್ಷ ಗೊತ್ತಿಲ್ಲ, ತವರೂರು ಗೊತ್ತಿಲ್ಲ, ಫೋಟೊ ಅಂತೂ ಇಲ್ಲವೇ ಇಲ್ಲ.

ಈ ಮೂರು ಮಾತು ಹಿಡಿದುಕೊಂಡು ನಾನು ಆರೇಳು ವರ್ಷ ಓಡಾಡಿದ್ದೇನೆ. ಮೊದಲ ಎರಡು ವರ್ಷ ಪೂರ್ತಿ ದಂಡ. ಯಾಕೆಂದರೆ ನಾನು ಅವಳ ಹೆಸರನ್ನು ಹುಡುಕುತ್ತಿದ್ದೆ. ಆ ಕಾಲದ ನಮ್ಮ ಹೆಣ್ಣುಮಕ್ಕಳ ಹೆಸರು ಕಾಗದದಲ್ಲಿ ಸಿಗುವುದೇ ಅಪರೂಪ. ಗಂಡಸರ ಹೆಸರಾದರೂ ಕಂದಾಯದ ಪುಸ್ತಕದಲ್ಲಿ ಇರುತ್ತದೆ. ಇವಳನ್ನು ಹುಡುಕಬೇಕಾದರೆ ಅವಳ ಕಾಲದಲ್ಲಿ ಏನೇನು ನಡೆಯಿತು ಅನ್ನುವುದನ್ನು ಹಿಡಿಯಬೇಕು. ಬರ, ಪ್ಲೇಗು, ರೈಲು, ಸರ್ವೆ, ಇವೆಲ್ಲ ಅವಳ ಬಾಗಿಲ ಮುಂದೆಯೇ ಹಾದುಹೋದವು. ಮನೆಯ ನೆನಪು ನಿಂತಿರುವುದೂ ಇವುಗಳ ಮೇಲೆಯೇ, ತಾರೀಖಿನ ಮೇಲೆ ಅಲ್ಲ.

ನಾನು ಮಾಡಿದ ರೀತಿಯನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ನನ್ನದು ಹಳೇ ಮೈಸೂರಿನ ಕಡೆಯ ಕಥೆ, ತುಮಕೂರಿನ ಉತ್ತರಕ್ಕೆ. ಬೇರೆ ಕಡೆಯವರಿಗೆ ದಾಖಲೆ ಬೇರೆ ಇರುತ್ತವೆ, ಅದನ್ನೂ ಅಲ್ಲಲ್ಲಿ ಹೇಳುತ್ತೇನೆ.

ಹಂತ 1: ಮನೆಯವರನ್ನು ಕೇಳಿ, ಆದರೆ ವರ್ಷ ಕೇಳಬೇಡಿ

"ಅಜ್ಜಿ ಯಾವಾಗ ಹುಟ್ಟಿದ್ದು?" ಅಂತ ಕೇಳಿದರೆ "ಯಾರಿಗ್ಗೊತ್ತಪ್ಪ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಕೇಳಿ ನೋಡಿ. ಬರ ಬಂದಾಗ ಅವಳಿಗೆ ಮದುವೆ ಆಗಿತ್ತಾ? ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಯಾವ ಮಗು ಕಂಕುಳಲ್ಲಿತ್ತು? ಅವಳು ರೈಲು ನೋಡಿದ್ದಳಾ? ಕೆರೆ ಕೋಡಿ ಒಡೆದದ್ದು ಅವಳು ಇದ್ದಾಗಲೋ, ಹೋದ ಮೇಲೋ? ಇಂಥ ಪ್ರಶ್ನೆಗೆ ವಯಸ್ಸಾದವರು ಟಕ್ಕಂತ ಉತ್ತರ ಕೊಡುತ್ತಾರೆ.

ಕೂತಲ್ಲೇ ಎಲ್ಲವನ್ನೂ ಕೇಳಿ ಮುಗಿಸಬೇಕು ಅನ್ನುವ ಆತುರ ಬೇಡ. ಅವರೆಕಾಯಿ ಸುಲಿಯುವಾಗ, ಹುಣಸೆಹಣ್ಣು ಬಿಡಿಸುವಾಗ ಪಕ್ಕದಲ್ಲಿ ಕೂತರೆ ಸಾಕು. ಕೈಗೆ ಕೆಲಸ ಇದ್ದಾಗ ಬಾಯಿ ಸಲೀಸಾಗಿ ಬಿಚ್ಚುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ. ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ನಿಮ್ಮ ಭಾಷೆಗೆ ತಿದ್ದಬೇಡಿ. "ಹಾಲುಹಲ್ಲು ಬಿದ್ದಿರಲಿಲ್ಲ" ಅನ್ನುವುದನ್ನು ನಾನು ಮೊದಲು "ಚಿಕ್ಕ ವಯಸ್ಸು" ಅಂತ ಬರೆದುಕೊಂಡಿದ್ದೆ. ಮುಂದೆ ಲೆಕ್ಕ ಹಾಕುವಾಗ ಬೇಕಾಗಿದ್ದದ್ದು ಆ ಹಲ್ಲೇ!

ಮಾತಿನ ಜೊತೆ ವಸ್ತುಗಳನ್ನೂ ನೋಡಿ. ಅಟ್ಟದ ಮೇಲಿನ ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಚೊಂಬುಗಳನ್ನು ಕೆಳಗಿಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿ. ಕಂಠದ ಸುತ್ತ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ ಕಾಣಿಸಬಹುದು. ಮದುವೆಗೆ ಪಾತ್ರೆ ಕೊಟ್ಟವರ ಹೆಸರು, ಊರಿನ ಮೊದಲ ಅಕ್ಷರ, ಕೆಲವೊಮ್ಮೆ ಇಸವಿ ಕೂಡ ಇರುತ್ತದೆ. ಬೆಳಕನ್ನು ಪಕ್ಕದಿಂದ ಬಿಟ್ಟು ಫೋಟೊ ತೆಗೆದರೆ ಸವೆದ ಚುಕ್ಕಿಯೂ ಏಳುತ್ತದೆ. ನಮ್ಮ ಮನೆಯ ಒಂದು ಕೊಡದ ಮೇಲೆ ಹೆಂಗಸಿನ ಹೆಸರೊಂದಿತ್ತು. ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ, ಇದ್ದ ನೆನಪೂ ಇಲ್ಲ. ಅದನ್ನು ಸುಮ್ನೆ ಬರೆದಿಟ್ಟುಕೊಂಡೆ.

ಇನ್ನೊಂದು ಮುಖ್ಯವಾದದ್ದು, ಕಾರಣ ಮರೆತುಹೋದ ಪದ್ಧತಿಗಳು. ಯಾವ ತಿಂಗಳಲ್ಲಿ ಯಾವುದನ್ನು ತಿನ್ನುವುದಿಲ್ಲ, ಯಾವ ಊರಿನ ಹೆಣ್ಣು ತರುವುದಿಲ್ಲ, ಯಾವ ದೇವರಿಗೆ ಏನು ಕಳಿಸುತ್ತೀರಿ, ಇವನ್ನೆಲ್ಲ ಕೇಳಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಯಾರ ಹೆಸರು ಹೇಳುತ್ತಾರೆ ಅನ್ನುವುದನ್ನು ಕಿವಿಗೊಟ್ಟು ಕೇಳಿ. ಶ್ರಾದ್ಧ ಮಾಡುವ ಮನೆಗಳಲ್ಲಿ ಇನ್ನೂ ಸುಲಭ. ತಾಯಿ, ಅಜ್ಜಿ, ಮುತ್ತಜ್ಜಿ ಅಂತ ಮೂರು ತಲೆಯ ಹೆಂಗಸರ ಹೆಸರನ್ನು ಅಲ್ಲಿ ಹೇಳಲೇಬೇಕು. ಈಗಿನ ಹಿರಿಯರಿಂದ ಮೂರು ತಲೆ ಹಿಂದಕ್ಕೆ ಹೋದರೆ 19ನೇ ಶತಮಾನ ಬಂದೇಬಿಟ್ಟಿತು. ಪುರೋಹಿತರ ಹತ್ತಿರ ಬರೆದ ಚೀಟಿ ಇದ್ದರೂ ಇರಬಹುದು.

ಹಂತ 2: ನೆನಪನ್ನು ಇಸವಿಗೆ ಇಳಿಸಿ

ಹಳಬರು ವರ್ಷ ಹೇಳುವುದು ಸಂವತ್ಸರದ ಹೆಸರಿನಲ್ಲಿ. ಪ್ರಭವದಿಂದ ಅಕ್ಷಯದವರೆಗೆ 60 ಹೆಸರು, ಆಮೇಲೆ ಮತ್ತೆ ಮೊದಲಿಂದ. ಒಂದೇ ಒಂದು ಇಸವಿ ನೆನಪಿಟ್ಟುಕೊಂಡರೆ ಸಾಕು: ಪ್ರಭವ ಬಂದದ್ದು 1867ರ ಯುಗಾದಿಗೆ. ಆಮೇಲೆ 1927, 1987. ಧಾತು ಹತ್ತನೆಯದು. ಅಂದರೆ 1867ಕ್ಕೆ 9 ಸೇರಿಸಿ, 1876. ಮುಂದಿನದು ಈಶ್ವರ, 1877. ಬೆಂಗಳೂರಿಗೆ ಪ್ಲೇಗ್ ಬಂದ ವಿಳಂಬಿ 32ನೆಯದು, ಅದು 1898.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗೆ ಅಲ್ಲ. ಧಾತು ಸಂವತ್ಸರದ ಮಾಘ ಮಾಸ ಅಂದರೆ 1877 ಆಗಿರುತ್ತದೆ. ಮತ್ತೆ ಅದೇ ಹೆಸರು 60 ವರ್ಷಕ್ಕೊಮ್ಮೆ ಬರುತ್ತದಲ್ಲ, ನಾನು ಮೊದಲು ಮುಗ್ಗರಿಸಿದ್ದೇ ಅಲ್ಲಿ. ಚಿಕ್ಕಮ್ಮ ಧಾತು ಅಂದಾಗ ಫೋನಿನಲ್ಲಿ ನೋಡಿ 1936 ಅಂತ ಬರೆದುಕೊಂಡುಬಿಟ್ಟೆ. ಅಜ್ಜಿ ಹುಟ್ಟಿದ ಮೇಲೆ ಅಜ್ಜಿಯ ಅಜ್ಜಿ ಹಾಲುಹಲ್ಲಿನ ಹುಡುಗಿ! ಎಷ್ಟೋ ದಿನ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಶಕ ವರ್ಷ ಇದ್ದರೆ 78 ಸೇರಿಸಿ. ಶಕ 1798 ಅಂದರೆ 1876-77. ಬೀದರ್, ಕಲಬುರಗಿ, ರಾಯಚೂರು ಕಡೆಯ ಹಳೇ ಕಾಗದಗಳಲ್ಲಿ, ಮದ್ರಾಸ್ ಸರ್ಕಾರದ ಕಂದಾಯದ ಲೆಕ್ಕದಲ್ಲೂ, ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಸೇರಿಸಿದರೆ ಹತ್ತಿರದ ಇಸವಿ ಸಿಗುತ್ತದೆ.

ಇನ್ನು ವಯಸ್ಸಿನ ಲೆಕ್ಕ. ಗೊತ್ತಿರುವವರಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ನಮ್ಮಜ್ಜಿ ಹುಟ್ಟಿದ್ದು 1922ರ ಸುಮಾರು, ಮನೆಗೆ ಹಿರೇ ಮಗಳು. ಆ ಕಾಲಕ್ಕೆ ಮೊದಲ ಮಗು 17ರಿಂದ 20ರೊಳಗೆ ಅಂತ ಇಟ್ಟುಕೊಂಡರೆ ಅವಳ ತಾಯಿ 1902-05ರ ಕೂಸು. ಆ ತಾಯಿ ಕಡೇ ಮಗಳಂತೆ. ಇತ್ತ ಹಾಲುಹಲ್ಲು ಬೀಳಲು ಶುರುವಾಗುವುದು ಆರರ ಹೊತ್ತಿಗೆ. 1876-77ರಲ್ಲಿ ಇನ್ನೂ ಬಿದ್ದಿರಲಿಲ್ಲ ಅಂದರೆ ಎರಡು ಸೇರು ರಾಗಿಗೆ ಬಂದವಳು 1870ಕ್ಕಿಂತ ಹಿಂದೆ ಹುಟ್ಟಿರುವುದು ಅನುಮಾನ. ಅವಳಿಗೆ ಮೂವತ್ತು ದಾಟಿದ ಮೇಲೆ ಕಡೇ ಮಗು. ಎರಡು ಕಡೆಯ ಲೆಕ್ಕವೂ ಕೂಡಿತು. ಹೀಗೆ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ಸೇರಿದರೆ ಮಾತ್ರ ಇಸವಿಯನ್ನು ನಂಬಿ.

ಶಾಲೆಯ ಹುಟ್ಟಿದ ದಿನವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಮೇಷ್ಟ್ರು ಅಂದಾಜಿಗೆ ಬರೆದ ಜೂನ್, ಜುಲೈ 1ನೇ ತಾರೀಖು ನಮ್ಮಲ್ಲಿ ಎಷ್ಟು ಜನಕ್ಕಿಲ್ಲ, ಅಲ್ವಾ?

ಹಂತ 3: ಒಂದು ನೋಟ್‌ಬುಕ್, ಎರಡು ಕಾಲಂ

ಉದ್ದ ಗೆರೆಯ ಪುಸ್ತಕ ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮನೆ, ಬಲಕ್ಕೆ ನಾಡು. ಅಂಚಿನಲ್ಲಿ ಇಸವಿ. ಗೊತ್ತಿದ್ದದ್ದನ್ನು ಪೆನ್ನಿನಲ್ಲಿ, ಅಂದಾಜನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಕಂಪ್ಯೂಟರಿನ ತಂತ್ರಾಂಶ ಬೇಕಾದಷ್ಟಿವೆ, ಆದರೆ ಅವು ಹುಟ್ಟು, ಮದುವೆ, ಸಾವು ಅಂತ ಮೂರು ಖಾನೆ ಕೊಡುತ್ತವೆ. ನಮ್ಮ ಅಜ್ಜಿಯರ ವಿಷಯದಲ್ಲಿ ಆ ಮೂರೂ ಖಾಲಿ. ಅದಕ್ಕೇ ನನಗೆ ನೋಟ್‌ಬುಕ್ಕೇ ವಾಸಿ.

ಬಲಗಡೆ ಏನು ಬರೆಯಬೇಕು? ಹಳೇ ಮೈಸೂರಿನವರಾದರೆ ಇಷ್ಟರಿಂದ ಶುರು ಮಾಡಬಹುದು. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡರು. 1863ರಲ್ಲಿ ಕಂದಾಯದ ಸರ್ವೆ ಶುರುವಾಯಿತು. 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂತು. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. 1871ರಲ್ಲಿ ಮೊದಲ ಜನಗಣತಿ. 1876-78ರ ಬರ. 1881ರ ಮಾರ್ಚ್‌ನಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ, ಚಾಮರಾಜೇಂದ್ರ ಒಡೆಯರು ಗದ್ದುಗೆಗೆ, ರಂಗಾಚಾರ್ಲು ದಿವಾನರು. 1882ಕ್ಕೆ ಮೈಸೂರಿಗೂ 1884ಕ್ಕೆ ತುಮಕೂರಿಗೂ ರೈಲು. 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಗೆ ಮೈಸೂರು ಸರ್ಕಾರದ ತಡೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್.

ಬೇರೆ ಕಡೆಯವರ ಬಲಗಡೆಯ ಕಾಲಂ ಬೇರೆ. ಕಿತ್ತೂರಿನವರಿಗೆ 1824, ಕೊಡಗಿನವರಿಗೆ 1834, ಸುಳ್ಯ ಕಡೆಯವರಿಗೆ 1837ರ ದಂಗೆ, ಮುಧೋಳದ ಹಲಗಲಿಯವರಿಗೆ 1857. ದೊಡ್ಡ ಘಟನೆಗಳಲ್ಲೇ ನಿಲ್ಲಬೇಡಿ. ಊರಿನ ಕೆರೆ ಯಾವಾಗ ಒಡೆಯಿತು, ಸಂತೆ ಯಾವಾಗ ಶುರುವಾಯಿತು ಅನ್ನುವುದು ಮನೆಗೆ ಜಾಸ್ತಿ ಹತ್ತಿರ. ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್‌ನಲ್ಲಿ ತಾಲ್ಲೂಕು ತಾಲ್ಲೂಕಿನ ವಿವರ ಇದೆ. ಮೊದಲ ಮುದ್ರಣ ಬರಕ್ಕೆ ಸ್ವಲ್ಪ ಮುಂಚಿನ ಸ್ಥಿತಿ ಹೇಳುತ್ತದೆ, 1897ರ ಪರಿಷ್ಕೃತ ಮುದ್ರಣ ಆಮೇಲಿನದನ್ನು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ನಿಮ್ಮ ತಾಲ್ಲೂಕಿನ ಪುಟ ಓದಿ. ಇಂಥ ಹಳೇ ಪುಸ್ತಕಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಬರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಳೇ ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಕಡೆಯ ಯಾವುದೇ ಮನೆತನ ಹುಡುಕಿದರೂ ದಾರಿ ಕಡಿದುಹೋಗುವುದು ಇಲ್ಲೇ. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಹಿಂದಿನ ವರ್ಷದ ಬೆಳೆಯೂ ಅಷ್ಟಕ್ಕಷ್ಟೇ, ಕಾಳು ತುಂಬಿಡುವ ಹಗೇವಿನಲ್ಲಿ ರಾಗಿ ಇರಲಿಲ್ಲ. ಬೆಂಗಳೂರಿನವರೆಗೆ ಧಾನ್ಯ ರೈಲಿನಲ್ಲಿ ಬಂತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ, ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412. ಹತ್ತು ವರ್ಷ ಕಳೆದ ಮೇಲೆ, 1881ರಲ್ಲಿ, 41,86,188. ಹುಟ್ಟಿ ಹೆಚ್ಚಬೇಕಾಗಿದ್ದವರನ್ನು ಬಿಟ್ಟು, ಬರೀ ಕಳೆದ ಲೆಕ್ಕವೇ ಎಂಟೂಮುಕ್ಕಾಲು ಲಕ್ಷಕ್ಕೆ ಹತ್ತಿರ.

ಈ ಅಂಕಿಯನ್ನು ಬಲಗಡೆ ಬರೆದ ಮೇಲೆ ಎಡಗಡೆಯ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ನಿಮ್ಮ ಮನೆ ಈ ಊರಿಗೆ ಬಂದದ್ದು ಬರಕ್ಕೆ ಮುಂಚೆಯೋ ಆಮೇಲೋ? ಬರಕ್ಕೆ ಸಿಕ್ಕಿದವರು ಎಲ್ಲಿಗೆ ಹೋದರು? ಕೆಲವರು ಗಂಜಿ ಕೇಂದ್ರಕ್ಕೆ. ಕೆಲವರು ಬರಗಾಲದ ಕಾಮಗಾರಿಗೆ, ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸವೂ ಅದರಲ್ಲಿ ಸೇರಿತ್ತು. ಕೆಲವರು ಮಲೆನಾಡಿನ ಕಾಫಿ ತೋಟಕ್ಕೆ. ಅಪ್ಪ ಅಮ್ಮ ಸತ್ತ ಮಕ್ಕಳಲ್ಲಿ ಕೆಲವರು ಮಿಷನ್‌ನವರ ಅನಾಥಾಲಯಕ್ಕೆ. ಕೆಲವರು ನಮ್ಮಜ್ಜಿಯ ಅಜ್ಜಿಯ ಹಾಗೆ, ಸ್ವಲ್ಪ ಕಾಳು ಇದ್ದ ಮನೆಗೆ.

"ಎರಡು ಸೇರು ರಾಗಿಗೆ" ಅನ್ನುವುದನ್ನು ಅಕ್ಷರಶಃ ನಂಬಬೇಕಾ? ಗೊತ್ತಿಲ್ಲದ ಕಡೆ ನಂಬಬೇಡಿ, ಹಾಗಂತ ಎಸೆಯಲೂಬೇಡಿ. ಅದೇ ಊರಿನ ಇನ್ನೂ ಎರಡು ಮನೆಯಲ್ಲಿ ಇದೇ ಮಾತನ್ನು ಬೇರೆ ಅಜ್ಜಿಯರ ಬಗ್ಗೆ ಕೇಳಿದೆ. ಒಂದು ಕಡೆ ಎರಡು ಸೇರು, ಇನ್ನೊಂದು ಕಡೆ ಒಂದು ಮೊರ ರಾಗಿ. ಅಂದರೆ ಬರದಲ್ಲಿ ಬಂದ ಹುಡುಗಿಯರಿಗೆಲ್ಲ ಆ ಸೀಮೆಯಲ್ಲಿ ಹಾಗೆ ಹೇಳುವುದು ವಾಡಿಕೆ ಇತ್ತು. ಸೇರಿನ ಲೆಕ್ಕ ಪೆನ್ಸಿಲ್ಲಿನಲ್ಲಿ, ಬಂದದ್ದು ಪೆನ್ನಿನಲ್ಲಿ.

ಹಂತ 4: ಆ ಊರು ಆಗ ಯಾರ ಕೈಯಲ್ಲಿತ್ತು?

ಈಗಿನ ಜಿಲ್ಲೆ ನೋಡಿಕೊಂಡು ಹೋದರೆ ತಪ್ಪು ಬಾಗಿಲು ತಟ್ಟುತ್ತೀರಿ. 19ನೇ ಶತಮಾನದಲ್ಲಿ ನಮ್ಮ ನಾಡು ಹರಿದು ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ, ವಿಜಯಪುರ ಮುಂಬಯಿ ಆಡಳಿತದಲ್ಲಿ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಬೀದರ್, ಕಲಬುರಗಿ, ರಾಯಚೂರು ನಿಜಾಮರಲ್ಲಿ. ಕೊಡಗು ಬೇರೆಯೇ. ಉತ್ತರ ಕನ್ನಡ ಇನ್ನೂ ವಿಚಿತ್ರ: 1862ರವರೆಗೆ ಮದ್ರಾಸು, ಆಮೇಲೆ ಮುಂಬಯಿ. ಹಾಗಾಗಿ ಮೇಲ್ಮಟ್ಟದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಮಾತ್ರ ಸಾಲದು. ಚೆನ್ನೈನ ಎಗ್ಮೋರ್, ಮುಂಬಯಿ, ಹೈದರಾಬಾದಿನ ಪತ್ರಾಗಾರಗಳೂ ನಿಮ್ಮ ಊರಿನ ಪತ್ರಾಗಾರವೇ ಆಗಬಹುದು.

ಲಿಪಿಯೂ ಬದಲಾಗುತ್ತದೆ. ಮುಂಬಯಿ ಕರ್ನಾಟಕದ ಹಳೇ ಕಾಗದದಲ್ಲಿ ಮೋಡಿ ಅಕ್ಷರದ ಮರಾಠಿ, ನಿಜಾಮರ ಕಡೆ ಮೊದಲು ಪಾರಸಿ, ಆಮೇಲೆ ಉರ್ದು. ಓದಿಸಲು ಜನ ಹುಡುಕಿಕೊಂಡು ಆಮೇಲೆ ಹೋಗಿ. ಇಲ್ಲದಿದ್ದರೆ ಎದುರಿಗೇ ಅಜ್ಜಿಯ ಹೆಸರಿದ್ದರೂ ನಮಗೆ ಅದು ಬರೀ ಗೆರೆ.

ಹಂತ 5: ಕಾಗದ ಹುಡುಕುವುದು

ಮೊದಲೇ ಒಂದು ನಿರಾಸೆ ಹೇಳಿಬಿಡುತ್ತೇನೆ. ಅಮೆರಿಕ, ಇಂಗ್ಲೆಂಡಿನವರು ಹಳೇ ಜನಗಣತಿಯಲ್ಲಿ ಮನೆಮನೆಯ ಹೆಸರು ನೋಡುತ್ತಾರೆ. ನಮ್ಮಲ್ಲಿ ಅದು ಆಗುವುದಿಲ್ಲ. ಆ ಕಾಲದ ಗಣತಿಯಲ್ಲಿ ನಮಗೆ ಉಳಿದಿರುವುದು ವರದಿ ಮತ್ತು ಅಂಕಿಅಂಶ, ಮನೆಮನೆಯ ಹಾಳೆ ಅಲ್ಲ. ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಉಳಿದರು ಅನ್ನುವುದಕ್ಕೆ ಅದು ಸಾಕು. ಅಜ್ಜಿಗೆ ಸಾಲದು.

ನಮ್ಮಂಥವರಿಗೆ ದೊಡ್ಡ ಆಸರೆ ಜಮೀನಿನ ದಾಖಲೆ. ಭೂಮಿ ತಂತ್ರಾಂಶದಲ್ಲಿ ಈಗಿನ ಪಹಣಿ ತೆಗೆದು ಸರ್ವೆ ನಂಬರ್ ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಇಳಿಯುತ್ತಾ ಹೋಗಿ: ಕೈಬರಹದ ಪಹಣಿ, ಮ್ಯುಟೇಷನ್, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ಇವೆಲ್ಲ 20ನೇ ಶತಮಾನದವು. ಇನ್ನೂ ಹಿಂದಕ್ಕೆ ಹೋದರೆ ಮೂಲ ಸರ್ವೆಯ ಅಳತೆ, ಕಂದಾಯದ ಪುಸ್ತಕಗಳು: ಟಿಪ್ಪಣಿ, ಪಕ್ಕಾ ಪುಸ್ತಕ, ಆಕಾರ್‌ಬಂದ್. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಮತ್ತು ಸರ್ವೆ ಶಾಖೆಗೆ ನಕಲು ಅರ್ಜಿ ಹಾಕಿದರೆ ಕೊಡುತ್ತಾರೆ. ಒಂದೇ ಅರ್ಜಿಯಲ್ಲಿ "ಹಳೇ ದಾಖಲೆ ಎಲ್ಲಾ ಕೊಡಿ" ಅಂತ ಬರೆಯಬೇಡಿ, ವಾಪಸ್ ಬರುತ್ತದೆ. ಊರು, ಹೋಬಳಿ, ಸರ್ವೆ ನಂಬರು, ಯಾವ ಪುಸ್ತಕ ಅಂತ ಬಿಡಿಸಿ ಬರೆಯಿರಿ.

ಒಂದು ಕಚೇರಿಯಲ್ಲಿ ನನಗೆ ನಾಲ್ಕು ಸಲ "ಸಿಗಲ್ಲ" ಅಂದರು. ಐದನೇ ಸಲ ಹೋದಾಗ ನಿವೃತ್ತಿಗೆ ಹತ್ತಿರವಿದ್ದ ಒಬ್ಬರು ಒಳಗೆ ಕರೆದುಕೊಂಡು ಹೋದರು. ಕೆಂಪು ಬಟ್ಟೆಯ ಗಂಟು, ಬಿಚ್ಚಿದರೆ ಧೂಳು. ಪುಟದ ಮೇಲಿನ ಮೂಲೆಯನ್ನು ಗೆದ್ದಲು ತಿಂದಿತ್ತು. ಕಂದುಬಣ್ಣಕ್ಕೆ ತಿರುಗಿದ ಶಾಯಿ, ಸಾಲಿನ ಕೊನೆಗೆ ಬೇರೆ ಕೈಬರಹದಲ್ಲಿ ಸೇರಿಸಿದ ಎರಡು ಪದ. ಅದರಲ್ಲೊಂದು "ಕೋಂ".

ಈ ಚಿಕ್ಕ ಪದ ಗೊತ್ತಿರಲಿ. ನಮ್ಮ ಕಂದಾಯದ ಕಾಗದಗಳಲ್ಲಿ "ಬಿನ್" ಅಂದರೆ ಇಂಥವರ ಮಗ. "ಕೋಂ" ಅಂದರೆ ಇಂಥವರ ಹೆಂಡತಿ. ಆ ಕಾಲದಲ್ಲಿ ಹೆಂಗಸಿನ ಹೆಸರು ಖಾತೆಗೆ ಏರಿದೆ ಅಂದರೆ ಹೆಚ್ಚಾಗಿ ಗಂಡ ಸತ್ತು ಮಕ್ಕಳು ಚಿಕ್ಕವರು ಅಂತ ಅರ್ಥ. ಅಂದರೆ ನಮ್ಮಜ್ಜಿಯ ಅಜ್ಜಿ ಕಾಗದಕ್ಕೆ ಬಂದದ್ದೇ ವಿಧವೆಯಾದ ಮೇಲೆ. "ಪ್ಲೇಗಿನಲ್ಲಿ ಗಂಡ ಹೋದ" ಅನ್ನುವ ಮಾತಿಗೆ ಇಲ್ಲಿ ಗಂಟು ಬಿತ್ತು. ಪ್ಲೇಗು 1898ರಲ್ಲಿ ಬಂದು ಅದೇ ವರ್ಷ ಹೋಗಲಿಲ್ಲ. ಎಷ್ಟೋ ವರ್ಷ ಬಿಟ್ಟು ಬಿಟ್ಟು ಬಂತು. ಕಡೇ ಮಗಳು ಹುಟ್ಟಿದ್ದು 1902-05ರ ನಡುವೆ ಅಂತ ಲೆಕ್ಕ ಹಾಕಿದ್ದೆವಲ್ಲ, ಗಂಡ ಹೋದದ್ದು ಅದಾದ ಮೇಲೋ, ಅವಳು ಹೊಟ್ಟೆಯಲ್ಲಿದ್ದಾಗಲೋ ಆಗಬೇಕು. ಪ್ಲೇಗ್ ಅಂದ ಕೂಡಲೇ 1898 ಅಂತ ಬರೆದಿದ್ದರೆ ಅಜ್ಜಿಯ ತಾಯಿಗೆ ಅಪ್ಪನೇ ಇಲ್ಲದ ಹಾಗೆ ಆಗುತ್ತಿತ್ತು.

ಜಮೀನೇ ಇಲ್ಲದವರು ಏನು ಮಾಡಬೇಕು? ಊರಿನ ಹಳೇ ಶಾಲೆಯ ದಾಖಲಾತಿ ಪುಸ್ತಕ ನೋಡಿ. ಮಕ್ಕಳ, ಮೊಮ್ಮಕ್ಕಳ ಹೆಸರಿನ ಮುಂದೆ ತಂದೆಯ ಹೆಸರು, ಊರು, ಕಸುಬು ಇರುತ್ತದೆ. ತಂದೆ ಇಲ್ಲದಿದ್ದರೆ ಪೋಷಕರ ಜಾಗದಲ್ಲಿ ತಾಯಿಯೋ ಸೋದರಮಾವನೋ ಇರಬಹುದು. ಸೋದರಮಾವ ಸಿಕ್ಕಿದರೆ ತವರು ಸಿಕ್ಕಿದಂತೆಯೇ! ಇನಾಂ ಜಮೀನಿದ್ದ ಗುಡಿಗಳ ಕಡತವನ್ನೂ ಬಿಡಬೇಡಿ. ಗುಡಿಯ ಸೇವೆಯಲ್ಲಿದ್ದ ಹೆಣ್ಣುಮಕ್ಕಳ ಹೆಸರು ಅಲ್ಲಿ ಗಂಡನ ಹಂಗಿಲ್ಲದೆ ನೇರವಾಗಿ ಬರುತ್ತದೆ. ಅಂಥ ಹೆಸರು ಸಿಕ್ಕಿದಾಗ ಮನೆಯ ಹಿರಿಯರಿಗೆ ಮುಜುಗರ ಆಗಬಹುದು. ಅವರೊಡನೆ ಮೊದಲು ಒಬ್ಬರೇ ಕೂತು ಮಾತಾಡಿ, ಆಮೇಲೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಯೋಚನೆ ಮಾಡಿ.

ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿಯ ಪುಸ್ತಕಗಳಿವೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನವರ ಕಾಗದಪತ್ರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಉಳಿದಿದೆ. ಮುಸಲ್ಮಾನರು ಖಾಜಿಗಳ ಹತ್ತಿರದ ನಿಕಾಹ್ ಪುಸ್ತಕ ಕೇಳಬಹುದು, ಮಹರ್ ಎಷ್ಟು ಅನ್ನುವುದರ ಜೊತೆ ಹೆಣ್ಣಿನ ತಂದೆಯ ಹೆಸರೂ ಇರುತ್ತದೆ. ಕೂಲಿಗೆ ಕಡಲು ದಾಟಿದವರ ಕುಟುಂಬವಾದರೆ ದಕ್ಷಿಣ ಆಫ್ರಿಕಾದ ನೇಟಾಲಿನ ಹಡಗಿನ ಪಟ್ಟಿಗಳಿವೆ. 1860ರಿಂದ ಮದ್ರಾಸಿನಿಂದ ಹೋದ ಹಡಗುಗಳಲ್ಲಿ ಹೆಂಗಸರಿಗೂ ಬೇರೆ ನಂಬರು, ತಂದೆಯ ಹೆಸರು, ಜಿಲ್ಲೆ, ಹಳ್ಳಿ ಎಲ್ಲ ಬರೆದಿದ್ದಾರೆ. ಊರಿನಲ್ಲೇ ಉಳಿದ ಹೆಣ್ಣಿಗಿಂತ ಕೂಲಿಗೆ ಹೋದವಳ ಗುರುತು ಕಾಗದದಲ್ಲಿ ಜಾಸ್ತಿ ಇದೆ.

ತುಳುನಾಡಿನ ಅಳಿಯಸಂತಾನದ ಮನೆಯವರು ಈ ಗೋಳಿನ ಅರ್ಧ ಭಾಗವನ್ನು ದಾಟಿಬಿಡಬಹುದು. ಅಲ್ಲಿ ಬಳಿ, ಅಂದರೆ ಕುಲ, ಹರಿಯುವುದೇ ತಾಯಿಯಿಂದ. ಕುಟುಂಬದ ಆಸ್ತಿಯ ವ್ಯಾಜ್ಯದ ಕಾಗದ ಇದ್ದರೆ ಅದರಲ್ಲಿ ಅಜ್ಜಿ, ಮುತ್ತಜ್ಜಿಯರ ವಂಶಾವಳಿಯೇ ಲಗತ್ತಾಗಿರುತ್ತದೆ. ಹಾಗೆ ನೋಡಿದರೆ ಯಾವ ಸೀಮೆಯಲ್ಲಾದರೂ ಹಳೇ ಸಿವಿಲ್ ದಾವೆ ಅಂದರೆ ವಂಶ ಹುಡುಕುವವರಿಗೆ ಹಬ್ಬ.

ಹಂತ 6: ಬಾಯಲ್ಲಿ ವಂಶ ಇಟ್ಟುಕೊಂಡವರು

ಹೆಳವರು ನಿಮ್ಮ ಊರಿಗೆ ಬರುತ್ತಾರಾ? ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ, ಗಂಟೆ ಬಾರಿಸುತ್ತಾ ಬಂದು ಮನೆಯ ಮುಂದೆ ನಿಂತು ತಾತ ಮುತ್ತಾತಂದಿರ ಹೆಸರು ಸಾಲಾಗಿ ಹೇಳುತ್ತಾರೆ. ಕಾಳು, ಬಟ್ಟೆ, ದುಡ್ಡು ಕೊಟ್ಟು ಕಳಿಸುತ್ತೇವೆ. ಅವರಿಗೆ ಇಂತಿಂಥ ಬೆಡಗಿನ (ಕುಲದ ಒಳಪಂಗಡದ), ಇಂತಿಂಥ ಮನೆತನ ಅಂತ ಹಂಚಿಕೆ ಇದೆ. ಕೆಲವು ಮನೆಗಳು ಹೊತ್ತಗೆಯನ್ನೂ ಇಟ್ಟುಕೊಂಡಿವೆ. ಉತ್ತರ ಕರ್ನಾಟಕದಲ್ಲಿ ಇವರು ಜಾಸ್ತಿ.

ಅವರು ಹೇಳುವುದು ಗಂಡಸರ ಸಾಲು. ಮುಗಿದ ಮೇಲೆ ನಾವೇ ಕೇಳಬೇಕು: "ಇವನಿಗೆ ಹೆಣ್ಣು ಯಾವ ಊರಿಂದ ತಂದರು?" ಎಷ್ಟೋ ಸಲ ಹೆಸರು ಬರುವುದಿಲ್ಲ, ಊರು ಬರುತ್ತದೆ. ಅಷ್ಟೇ ಸಾಕು. ಅವರ ಹೊಟ್ಟೆಪಾಡು ಇದೇ ಅನ್ನುವುದು ನೆನಪಿರಲಿ, ಗಂಟೆಗಟ್ಟಲೆ ಕೂರಿಸಿಕೊಂಡು ಬರೀ ಕಾಫಿ ಕೊಟ್ಟು ಕಳಿಸಬೇಡಿ. ಗಯಾ, ಹರಿದ್ವಾರಕ್ಕೆ ಹೋದ ಹಿರಿಯರಿದ್ದರೆ ಅಲ್ಲಿನ ಪಂಡರ (ತೀರ್ಥಪುರೋಹಿತರ) ಬಹಿಯಲ್ಲೂ, ಅಂದರೆ ವಂಶದ ಪುಸ್ತಕದಲ್ಲೂ, ಊರು, ಜಾತಿಯ ಮೇಲೆ ಹುಡುಕಿಸಬಹುದು.

ಹಂತ 7: ತವರು ಹುಡುಕುವುದು

ಇದು ಎಲ್ಲಕ್ಕಿಂತ ಕಷ್ಟ. ಗಂಡನ ಮನೆಯ ದೇವರು, ಬೆಡಗು, ಹೊಲ ಎಲ್ಲ ಗೊತ್ತಿರುತ್ತದೆ. ಅವಳು ಎಲ್ಲಿಂದ ಬಂದಳು ಅನ್ನುವುದು ಮಾತ್ರ ಅವಳ ಜೊತೆಗೇ ಹೋಗಿರುತ್ತದೆ.

ಮೂರು ಎಳೆ ಹಿಡಿಯಿರಿ. ಒಂದು, ಹೆಸರು. ನಮ್ಮಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತಾರೆ. ಗಂಡನ ಊರಿನಲ್ಲಿ ಕೇಳದ, ಆದರೆ ಇನ್ನೊಂದು ಸೀಮೆಯಲ್ಲಿ ಮನೆಗೊಬ್ಬರಿಗೆ ಇರುವ ದೇವರ ಹೆಸರು ಇದ್ದಕ್ಕಿದ್ದಂತೆ ಕುಟುಂಬಕ್ಕೆ ಬಂದಿದೆಯಾ ನೋಡಿ. ಆದರೆ ಒಂದೇ ಹೆಸರಿನ ಅಜ್ಜಿ ಮತ್ತು ಮೊಮ್ಮಗಳನ್ನು ಒಬ್ಬಳೇ ಅಂತ ಸೇರಿಸಿಬಿಡುವ ಅಪಾಯ ಇದೆ. ನಾನು ಸೇರಿಸಿದ್ದೆ, ಅವಳಿಗೆ 112 ವರ್ಷ ಆಯಸ್ಸು ಬಂದಾಗ ಗೊತ್ತಾಯಿತು.

ಎರಡು, ಮದುವೆಯ ಜಾಲ. ಮುಂದಿನ ತಲೆಯಲ್ಲಿ ಸೊಸೆಯರನ್ನು ಎಲ್ಲಿಂದ ತಂದರು? ಸೋದರಮಾವನ ಮಗಳನ್ನು ತರುವ ವಾಡಿಕೆ ಇದ್ದ ಮನೆಯಲ್ಲಿ ಅಜ್ಜಿಯ ಸೊಸೆಯ ಊರೇ ಅಜ್ಜಿಯ ತವರೂ ಆಗಿರಬಹುದು.

ಮೂರು, ದೇವರು. ನಮ್ಮ ವಿಷಯದಲ್ಲಿ ಕೈಹಿಡಿದದ್ದು ಇದು. ಅಜ್ಜಿಯ ತಾಯಿಯ ಮನೆಯವರು ಮೂರು ವರ್ಷಕ್ಕೊಮ್ಮೆ ಪಾವಗಡದ ಕಡೆಯ ಒಂದು ಊರಿನ ಮಾರಮ್ಮನಿಗೆ ಸೀರೆ, ಮಡಿಲಕ್ಕಿ ಕಳಿಸುತ್ತಾರೆ. ಅವರ ಮನೆದೇವರು ಬೇರೆ, ದಾರಿಯೂ ಬೇರೆ. ಯಾಕೆ ಅಂತ ಕೇಳಿದರೆ "ಮೊದಲಿಂದ ಕಳಿಸ್ತೀವಿ" ಅಷ್ಟೇ. ಮಡಿಲು ತುಂಬುವುದು ಹೆಣ್ಣುಮಕ್ಕಳ ಸಂಬಂಧ. ಹೊಲದ ಸಂಬಂಧ ಅಲ್ಲ, ಹರಕೆಯೂ ಅಲ್ಲ. ಆ ಊರಿಗೆ ಹೋದೆ. ಹಿತ್ತಾಳೆ ಕೊಡದ ಮೇಲಿದ್ದ ಹೆಸರು ಅಲ್ಲಿ ಮೂರು ಮನೆಯ ಹೆಂಗಸರಿಗೆ ಇದೆ. ಬರದಲ್ಲಿ ಅರ್ಧ ಊರು ಖಾಲಿಯಾಯಿತು ಅನ್ನುವ ಮಾತೂ ಅಲ್ಲಿ ಉಳಿದಿದೆ.

ಹೀಗೆ ಎರಡು ಕಾಲಂ ಪಕ್ಕ ಪಕ್ಕ ಇಟ್ಟಾಗ ಎಲ್ಲವೂ ಚೆನ್ನಾಗಿ ಹೊಂದಿಕೊಳ್ಳುವುದೇ ಒಂದು ಅಪಾಯ. ಬಲಗಡೆ ಬರ ಇದೆ ಅಂತ ಎಡಗಡೆ ಹಸಿವು ಬರೆಯುವ ಆಸೆ ಆಗುತ್ತದೆ. ಪ್ರತಿ ಸಾಲಿಗೂ ಯಾರು ಹೇಳಿದರು, ಯಾವ ಕಾಗದ, ಯಾವತ್ತು ನೋಡಿದ್ದು ಅಂತ ಪಕ್ಕದಲ್ಲಿ ಬರೆಯಿರಿ. ಏನೂ ಇಲ್ಲದಿದ್ದರೆ "ನನ್ನ ಅಂದಾಜು" ಅಂತ ಬರೆಯಿರಿ. ಕಾಗದದ ಫೋಟೊ ತೆಗೆದಾಗ ಗಂಟಿನ ನಂಬರು, ಪುಟದ ನಂಬರು ಕೂಡ ಫೋಟೊದಲ್ಲಿ ಬರಲಿ. ಮತ್ತೆ ಆ ಗಂಟು ನಿಮ್ಮ ಕೈಗೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಆ ಊರಿನ ಮೂರು ಮನೆಯಲ್ಲಿ ಯಾವುದು ಅವಳ ಮನೆ ಅಂತ ಹೇಳುವವರು ಇನ್ನೂ ಸಿಕ್ಕಿಲ್ಲ. ಮೂವರೂ ಊಟ ಹಾಕಿದರು, ಮೂವರೂ ತಮ್ಮದೇ ಅಂದರು. ನೋಟ್‌ಬುಕ್ಕಿನ ಆ ಸಾಲು ಪೆನ್ಸಿಲ್ಲಿನಲ್ಲೇ ಇದೆ. ಮುಂದಿನ ಜಾತ್ರೆಗೆ ಸೀರೆ ತೆಗೆದುಕೊಂಡು ಹೋಗುವವರ ಜೊತೆ ನಾನೂ ಹೋಗುತ್ತೇನೆ, ಆ ಕೊಡವನ್ನೂ ಹೊತ್ತುಕೊಂಡು.